ಮೂಳೆನೆಂಟಸ್ತನ

ನಮ್ಮೂರಿನಲ್ಲಿ ನನಗೆ ಯಾರ ಮೇಲೂ ಸಿಟ್ಟಿಲ್ಲ ಅಂತ ಎಲ್ಲರೂ ನಂಬಿದ್ದಾರೆ. ನಂಬಲೇಬೇಕು, ಅವರಿಗೆ ಬೇರೆ ದಾರಿಯಿಲ್ಲ. ಮೂಳೆ ಕೆಲಸದವಳಿಗೆ ಜಗಳವಾಡುವ ಹಕ್ಕಿಲ್ಲ ಅನ್ನುವುದು ಇಲ್ಲಿ ಹಸುಗೂಸಿಗೂ ಗೊತ್ತು. ಹಾಲಿನವನು ನೀರು ಬೆರೆಸಿದರೆ ನಾನು ನಗುತ್ತೇನೆ. ಪಕ್ಕದ ಮನೆಯವರು ನನ್ನ ಅಂಗಳಕ್ಕೆ ಮುಸುರೆ ಚೆಲ್ಲಿದರೆ ಜಾಗ ತೊಳೆದು, ಊಟ ಆಯಿತೇ ಎಂದು ವಿಚಾರಿಸುತ್ತೇನೆ. ಮಾದೇವಕ್ಕ ಬೆಣ್ಣೆಯಂಥವಳು ಎಂದು ಊರೆಲ್ಲ ಹೊಗಳುತ್ತದೆ. ಆ ಬೆಣ್ಣೆ ಒಳಗೊಳಗೇ ಎಷ್ಟು ಸಲ ಕುದಿದು ತುಪ್ಪವಾಗಿದೆ ಅನ್ನುವುದು ನನಗೊಬ್ಬಳಿಗೇ ಗೊತ್ತು.

ಎತ್ತು, ಕರು, ಆಡು, ಕತ್ತೆ, ನಾಯಿ, ಯಾವುದರ ಕಾಲು ಮುರಿದರೂ ಒಳಗಿಟ್ಟು ಕೂಡಿಸುವ ಪಟ್ಟಿಗಳನ್ನು, ಕಡ್ಡಿಗಳನ್ನು, ಸ್ಕ್ರೂಗಳನ್ನು ನಾನು ಮಾಡುತ್ತೇನೆ. ಎಲ್ಲವೂ ಮೂಳೆಯವೇ. ಸ್ಟೀಲು ನಮ್ಮೂರಿನ ಪ್ರಾಣಿಗಳಿಗೆ ಒಗ್ಗುವುದಿಲ್ಲ. ಇನಾಯತ್ ಡಾಕ್ಟರು ಪಶು ಆಸ್ಪತ್ರೆಗೆ ವರ್ಗವಾಗಿ ಬಂದ ಹೊಸದರಲ್ಲಿ ಒಂದು ಪೆಟ್ಟಿಗೆ ತುಂಬ ಸ್ಟೀಲಿನ ಪಟ್ಟಿಗಳನ್ನು ತಂದಿದ್ದರು. ಹಾಕಿದ್ದೆಲ್ಲ ವಾರದೊಳಗೆ ಚರ್ಮ ಸೀಳಿಕೊಂಡು ಹೊರಗೆ ಬಂತು. ಈಗ ಆ ಪೆಟ್ಟಿಗೆಯಲ್ಲಿ ಅವರು ಚಹಾಪುಡಿ, ಸಕ್ಕರೆ ಇಡುತ್ತಾರೆ. ತುಂಬ ಒಳ್ಳೆಯ ಕೈಯಿನ ಡಾಕ್ಟರು. ನಾನು ಮಾಡಿದ್ದನ್ನು ಅವರು ಕೂರಿಸುವಾಗ ನೋಡಬೇಕು, ಹೆತ್ತ ತಾಯಿ ಮಗುವಿಗೆ ಬಳೆ ತೊಡಿಸುವಷ್ಟು ನಾಜೂಕು.

ಒಂದು ಮನೆಯಲ್ಲಿ ದನವೋ ಎಮ್ಮೆಯೋ ಸತ್ತರೆ ಆ ಮನೆಯವರೇ ಅದರ ಕಾಲಿನ ಮೂಳೆಗಳನ್ನು ನನಗೆ ತಂದು ಕೊಡಬೇಕು. ಕೊಡುವಾಗ ಮನೆಯ ಹಳೇ ಸೀರೆಯದೋ ಪಂಚೆಯದೋ ಒಂದು ಚೂರನ್ನು ಹರಿದು ಅದಕ್ಕೆ ಕಟ್ಟುತ್ತಾರೆ, ಯಾರ ಮನೆಯದು ಎಂದು ತಿಳಿಯಲಿ ಅಂತ. ನಾನು ಮಾಂಸ ಕೆರೆದು, ಮಜ್ಜೆ ತೆಗೆದು, ಅಂಟುವಾಳದ ನೀರಿನಲ್ಲಿ ನೆನೆಹಾಕಿ ಜಿಡ್ಡು ಬಿಡಿಸುತ್ತೇನೆ. ಕುದಿಸಬಾರದು, ಕುದಿಸಿದ ಮೂಳೆ ಬಿಸ್ಕತ್ತಿನ ಹಾಗೆ ಪುಡಿಯಾಗುತ್ತದೆ. ಬಿಸಿಲಿಗೂ ಇಡಬಾರದು, ಉದ್ದಕ್ಕೆ ಸೀಳುತ್ತದೆ. ತೊಲೆಗೆ ತೂಗುಹಾಕಿ ನೆರಳಲ್ಲೇ ಒಣಗಿಸಬೇಕು. ನಮ್ಮ ಮನೆಗೆ ಹೊಸದಾಗಿ ಬಂದವರು ತಲೆಯ ಮೇಲೆ ತೂಗುವ ಮೂಳೆಗಳನ್ನೂ ಬಣ್ಣಬಣ್ಣದ ಬಟ್ಟೆ ಚೂರುಗಳನ್ನೂ ನೋಡಿ ಕಾಫಿಯನ್ನು ಅರ್ಧಕ್ಕೇ ಬಿಟ್ಟು ಏಳುತ್ತಾರೆ. ಊರಿನವರು ಮಾತ್ರ ತಮ್ಮ ಮನೆಯ ಚೂರು ಇನ್ನೂ ಇದೆಯೋ, ಯಾರಿಗಾದರೂ ಕೊಟ್ಟಾಯಿತೋ ಎಂದು ಕತ್ತೆತ್ತಿ ಹುಡುಕುತ್ತಾರೆ.

ಕಷ್ಟ ಇರುವುದು ಕೊಟ್ಟ ಮೇಲೆ. ಮೂಳೆ ಕೊಟ್ಟ ಮನೆ, ತೆಗೆದುಕೊಂಡ ಮನೆ ಅವತ್ತಿನಿಂದ ಮೂಳೆನೆಂಟರು. ಪ್ರಾಣಿಯ ಮೈ ಆ ಮೂಳೆಯನ್ನು ನಿಧಾನಕ್ಕೆ ಅರಗಿಸಿಕೊಂಡು ಅಲ್ಲಿ ತನ್ನದನ್ನು ಬೆಳೆಸಿಕೊಳ್ಳಲು ಹೆಚ್ಚುಕಡಿಮೆ ದಸರೆಯಿಂದ ಸಂಕ್ರಾಂತಿಯಷ್ಟು ಕಾಲ ಬೇಕು. ಅಷ್ಟು ಕಾಲ ಎರಡು ಮನೆಗಳ ನಡುವೆ ಮನಸ್ತಾಪ ಬರಬಾರದು. ಬಂದರೆ ಪಟ್ಟಿ ಬಿಸಿಯೇರುತ್ತದೆ, ಸ್ಕ್ರೂ ಸಡಿಲವಾಗುತ್ತದೆ, ಒಂದು ದಿನ ಪ್ರಾಣಿ ಕಾಲೂರಿದ ಕಡೆಯೇ ಕುಸಿಯುತ್ತದೆ. ಯಾಕೆ ಹೀಗೆ ಎಂದು ನಮ್ಮಲ್ಲಿ ಯಾರೂ ಕೇಳುವುದಿಲ್ಲ. ನೀರು ಇಳಿಜಾರಿಗೇ ಯಾಕೆ ಹರಿಯುತ್ತದೆ ಎಂದೂ ಕೇಳುವುದಿಲ್ಲವಲ್ಲ.

ಹಾಗಾಗಿ ಊರು ತನ್ನ ಪಾಡಿಗೆ ಹೊಂದಿಕೊಂಡಿದೆ. ಬೇಕರಿ ಪುಟ್ಟರಾಜುವಿನ ನಾಯಿಗೆ ದರ್ಜಿ ನಜೀರನ ಮನೆಯ ಆಡಿನ ಮೂಳೆ ಹಾಕಿದಾಗ, ಅಳತೆ ತಪ್ಪಿದ ಅಂಗಿಯ ವಿಷಯಕ್ಕೆ ಹಾವು ಮುಂಗುಸಿಯಾಗಿದ್ದ ಇಬ್ಬರೂ ಅವತ್ತಿನಿಂದ ಸಂಜೆ ಒಟ್ಟಿಗೆ ತಿರುಗಾಡತೊಡಗಿದರು. ಆ ತಪ್ಪಿದ ಅಂಗಿಯನ್ನೇ ಪುಟ್ಟರಾಜು ಹಾಕಿಕೊಂಡು ಹೋಗುತ್ತಿದ್ದ. ನ್ಯಾಯಾಲಯದಲ್ಲಿ ಜಮೀನಿನ ವ್ಯಾಜ್ಯ ಹೂಡಿದವರು ಕರುವಿನ ಕಾಲು ಕೂಡುವವರೆಗೆ ಎಂದು ಮುಂದಿನ ದಿನಾಂಕ ಕೇಳುತ್ತಾರೆ, ನ್ಯಾಯಾಧೀಶರೂ ಕೊಡುತ್ತಾರೆ. ಮದುವೆ ಸಂಬಂಧ ನೋಡುವಾಗ ಜಾತಕ ನೋಡುವ ಹಾಗೆ, ಯಾವ ಮೂಳೆ ಯಾವ ಮನೆಗೆ ಹೋಗಬಹುದು ಎಂದು ನಾನೂ ಡಾಕ್ಟರೂ ಕೂತು ಲೆಕ್ಕ ಹಾಕುತ್ತೇವೆ. ಊರಿನ ಜಗಳಗಳೆಲ್ಲ ನನ್ನ ಬಾಯಿಪಾಠ. ಸಂತೆಯಲ್ಲಿ ಯಾರಾದರೂ ಸ್ವಲ್ಪ ಜೋರಾಗಿ ಮಾತಾಡಿದರೂ ನಾನು ಚೀಲ ಅಲ್ಲೇ ಬಿಟ್ಟು ಅತ್ತ ಹೋಗಿ ನೋಡುತ್ತೇನೆ. ಯಾರು, ಯಾರ ಜೊತೆ, ಅವರ ಮನೆಯಲ್ಲಿ ಕೂಡದ ಕಾಲು ಇದೆಯೇ?

ನನ್ನದಂತೂ ಇನ್ನೂ ಕಷ್ಟ. ಎಲ್ಲ ಮನೆಯ ಮೂಳೆಯೂ ನನ್ನ ಕೈಯಲ್ಲಿ ಹಾದುಹೋಗುವುದರಿಂದ ನಾನು ಎಲ್ಲರಿಗೂ ನೆಂಟಳು. ನಾನು ಒಬ್ಬರ ಜೊತೆ ಕಾದಾಡಿದರೆ ಊರಿನ ಕೂಡದ ಕಾಲುಗಳೆಲ್ಲ ಬಿಟ್ಟುಕೊಳ್ಳುತ್ತವೆ ಎಂದು ಅಪ್ಪ ಹೇಳಿಕೊಟ್ಟಿದ್ದ. ಅಪ್ಪ ಈ ಕೆಲಸದಲ್ಲೇ ಮುದುಕನಾದವನು. ಅವನ ಅಣ್ಣ ತೋಟದ ಬಾವಿಯನ್ನು ತನ್ನ ಹೆಸರಿಗೆ ಬರೆಸಿಕೊಂಡಾಗಲೂ ಅಪ್ಪ, ಒಳ್ಳೇದಾಯ್ತಣ್ಣ, ಎಂದಿದ್ದ. ಆಮೇಲೆ ಮನೆಗೆ ಬಂದು ಒಂದು ಎಮ್ಮೆಯ ತೊಡೆಮೂಳೆಯನ್ನು ಪುಡಿಯಾಗುವವರೆಗೆ ಅರದಿಂದ ಉಜ್ಜಿದ. ನಾಲಿಗೆ ಕಚ್ಚಿಕೊಂಡು ಅರ ಹಿಡಿ ಮಗಳೇ, ಅನ್ನುವುದೇ ಅವನು ನನಗೆ ಕಲಿಸಿದ ಮೊದಲ ಪಾಠ.

ಗಾಣದ ಕೆಂಚಪ್ಪನ ಎತ್ತು ಕಾಲು ಮುರಿದುಕೊಂಡಿತು ಎಂಬ ಸುದ್ದಿ ಬಂದಾಗ ನಾನು ಮೊದಲು ನೆನೆಸಿಕೊಂಡದ್ದು ಅಪ್ಪನ ಆ ಮಾತನ್ನೇ. ಕೆಂಚಪ್ಪ ನಮ್ಮೂರಿಗೆ ಎಣ್ಣೆ ಆಡಿಸಿಕೊಡುವವನು. ಅವನ ಎಣ್ಣೆಯಷ್ಟು ಶುದ್ಧ ಬೇರೆಲ್ಲೂ ಇಲ್ಲ, ಅವನ ಬಾಯಿಯಷ್ಟು ಹೊಲಸೂ ಬೇರೆಲ್ಲೂ ಇಲ್ಲ. ಜಗಳವೆಂದರೆ ಅವನಿಗೆ ಎಲೆ ಅಡಿಕೆ ಇದ್ದ ಹಾಗೆ, ಊಟವಾದ ಮೇಲೆ ಬೇಕೇ ಬೇಕು. ಅವತ್ತು ಕೊಬ್ಬರಿ ತಂದವನೊಬ್ಬನ ಜೊತೆ ತೂಕಕ್ಕೆ ಕಾದಾಡುತ್ತ ಎಣ್ಣೆಯ ಡಬ್ಬಕ್ಕೆ ತಾನೇ ಕಾಲು ತಾಗಿಸಿ ಉರುಳಿಸಿದ. ಗಾಣ ಸುತ್ತುತ್ತಿದ್ದ ಮಲ್ಲ ಆ ಎಣ್ಣೆಯ ಮೇಲೆ ಕಾಲಿಟ್ಟು ಜಾರಿತು. ಮುಂಗಾಲು, ಮಂಡಿಯ ಕೆಳಗೆ, ಎರಡು ತುಂಡು.

ಮಲ್ಲ ಒಳ್ಳೆಯ ಎತ್ತು. ಗಾಣ ನಿಲ್ಲಿಸಿದರೂ ಅಭ್ಯಾಸಬಲದಿಂದ ಇನ್ನೊಂದು ಸುತ್ತು ಹೋಗಿ ಆಮೇಲೆ ನಿಲ್ಲುತ್ತಿತ್ತು. ನಾನು ಹೋದಾಗ ಮೂರು ಕಾಲಿನ ಮೇಲೆ ನಿಂತು ನಡುಗುತ್ತಿತ್ತು. ಕೆಂಚಪ್ಪನ ಹೆಂಡತಿ ಹೊನ್ನಮ್ಮ ಅದರ ಕತ್ತು ತಬ್ಬಿಕೊಂಡಿದ್ದಳು. ಡಾಕ್ಟರು ಕಾಲು ನೋಡಿ, ಒಂದು ಗಟ್ಟಿ ಪಟ್ಟಿ ಆರು ಸ್ಕ್ರೂ ಇದ್ದರೆ ಉಳಿಸಬಹುದು, ಸಂಜೆಯೊಳಗೆ ಮೂಳೆ ಗೊತ್ತುಮಾಡಬೇಕು, ಇಲ್ಲದಿದ್ದರೆ ನೋವಿನಲ್ಲಿ ಇಡುವುದಕ್ಕಿಂತ ಸೂಜಿ ಕೊಟ್ಟು ಮಲಗಿಸಿಬಿಡುವುದು ಮೇಲು ಎಂದರು. ಹೊನ್ನಮ್ಮ ನನ್ನ ಮುಖ ನೋಡಿದಳು. ಕೆಂಚಪ್ಪ ಗೋಡೆಯ ಕಡೆ ತಿರುಗಿ ನಿಂತಿದ್ದ.

ಡಾಕ್ಟರೂ ನಾನೂ ಮನೆಗೆ ಬಂದು ತೊಲೆಯ ಕೆಳಗೆ ನಿಂತೆವು. ನೀಲಿ ಚೂರು ಕುಂಬಾರರ ಮನೆಯದು, ಕೆಂಚಪ್ಪ ಅವರ ಮಗನ ಮದುವೆಯಲ್ಲಿ ಪಂಕ್ತಿ ಬಿಟ್ಟು ಎದ್ದು ಬಂದಿದ್ದ. ಹಳದಿಯದು ಮಾಸ್ತರರ ಮನೆಯದು, ಅವರನ್ನು ಸಂತೆಯಲ್ಲಿ ಕಳ್ಳ ಅಂದಿದ್ದ. ಚೌಕಳಿಯದು ಅವನ ಸ್ವಂತ ತಂಗಿಯ ಮನೆಯದು, ಅವಳು ಇವನ ಬೀದಿಗೇ ಬರುವುದಿಲ್ಲ. ಒಂದೊಂದು ಚೂರನ್ನೂ ಮುಟ್ಟಿ ಒಂದೊಂದು ಜಗಳ ನೆನೆದು ಬಿಟ್ಟೆವು. ಕೊನೆಗೆ ಮೂಲೆಯಲ್ಲಿ ಚೂರಿಲ್ಲದ ಒಂದು ಜೊತೆ ಮೂಳೆ ಉಳಿಯಿತು. ಡಾಕ್ಟರ ಮುಖ ಅರಳಿತು. ಇದು ನಿಮ್ಮ ಸಿಂಗಾರಿಯದಲ್ಲವೇ ಮಾದೇವಮ್ಮ, ಒಳ್ಳೇ ಗಟ್ಟಿ ಮೂಳೆ, ಊರಿನಲ್ಲಿ ಕೆಂಚಪ್ಪ ಜಗಳವಾಡದೆ ಬಿಟ್ಟಿರುವ ಮನೆ ನಿಮ್ಮದೊಂದೇ, ಎಂದರು.

ಸಿಂಗಾರಿ ನನ್ನ ಎಮ್ಮೆ. ನನಗೆ ಮಕ್ಕಳಿಲ್ಲ, ಗಂಡ ಹೋಗಿ ಬಹಳ ಕಾಲವಾಯಿತು. ಕೆಲಸ ಮಾಡುತ್ತ ನಾನು ಮಾತಾಡುತ್ತಿದ್ದದ್ದು ಅವಳ ಜೊತೆ. ಊರಿನವರ ಮೇಲಿನ ಸಿಟ್ಟನ್ನೆಲ್ಲ ಅವಳ ಕಿವಿಗೆ ಹಾಕುತ್ತಿದ್ದೆ. ಅವಳು ಮೆಲುಕು ಹಾಕುತ್ತ ಕೇಳುತ್ತಿದ್ದಳು, ಯಾರಿಗೂ ಹೇಳುತ್ತಿರಲಿಲ್ಲ. ಹಿಂದಿನ ವರ್ಷ ಒಂದು ಮಧ್ಯಾಹ್ನ ಮೇಯಲು ಹೋದವಳು ಕಾಲೆಳೆದುಕೊಂಡು ಬಂದು ಅಂಗಳದಲ್ಲಿ ಬಿದ್ದಳು, ಮತ್ತೆ ಏಳಲಿಲ್ಲ. ಬೆನ್ನುಮೂಳೆಗೆ ಏಟು ಬಿದ್ದಿದೆ, ಎಲ್ಲೋ ಜಾರಿರಬೇಕು ಎಂದರು ಡಾಕ್ಟರು. ಬೆನ್ನುಮೂಳೆಗೆ ಹಾಕುವ ಪಟ್ಟಿ ಇಲ್ಲ. ಊರಿನವರ ಪ್ರಾಣಿಗಳನ್ನೆಲ್ಲ ಎಬ್ಬಿಸಿ ನಿಲ್ಲಿಸಿದ ನಾನು ನನ್ನವಳ ತಲೆ ತೊಡೆಯ ಮೇಲಿಟ್ಟುಕೊಂಡು ಕೂತಿದ್ದೆ.

ಎಲ್ಲಿ ಜಾರಿದಳು ಎಂದು ನನಗೆ ಗೊತ್ತು. ಅವಳನ್ನು ಮಣ್ಣಿಗೆ ಕಳಿಸುವ ಮೊದಲೇ ನಾನು ಅವಳ ಗೊರಸಿನ ಗುರುತು ಹಿಡಿದು ಹಿಂದಕ್ಕೆ ನಡೆದಿದ್ದೆ. ಗುರುತು ನನ್ನನ್ನು ಕೆಂಚಪ್ಪನ ಗಾಣದ ಹಿತ್ತಲಿಗೆ ಕರೆದುಕೊಂಡು ಹೋಯಿತು. ಎರಡನೆಯ ಗಾಣ ಹೂಳಬೇಕೆಂದು ಅವನು ಅಲ್ಲಿ ಸೊಂಟದಾಳದ ಗುಂಡಿ ತೋಡಿಸಿದ್ದ. ಅಷ್ಟರಲ್ಲಿ ಕಲ್ಲುಕುಟಿಗನ ಜೊತೆ ಜಗಳವಾಗಿ ಗಾಣ ಬರಲೇ ಇಲ್ಲ. ಗುಂಡಿಯ ಮೇಲೆ ತೆಂಗಿನ ಗರಿ ಹರಡಿ ಕೈತೊಳೆದುಕೊಂಡಿದ್ದ. ಗರಿಗಳು ಮುರಿದು ಒಳಗೆ ಬಿದ್ದಿದ್ದವು, ಅಂಚಿನ ಮಣ್ಣಿನಲ್ಲಿ ಅವಳು ಹತ್ತಲು ಒದ್ದಾಡಿದ ಗುರುತುಗಳಿದ್ದವು. ಮಾರನೆಯ ದಿನ ಹೋಗಿ ನೋಡಿದರೆ ಗುಂಡಿಯೇ ಇಲ್ಲ, ಮಣ್ಣು ತುಂಬಿ ಮಟ್ಟ ಮಾಡಿಯಾಗಿತ್ತು. ನಾನು ಯಾರಿಗೂ ಹೇಳಲಿಲ್ಲ. ಹೇಳಿದರೆ ಜಗಳ, ಜಗಳವಾದರೆ ಊರಿನ ಕಾಲುಗಳು. ಸಂತೆಯಲ್ಲಿ ಕೆಂಚಪ್ಪ ಸಿಕ್ಕಾಗ, ಎಣ್ಣೆ ಹೇಗೆ ಕೊಟ್ಟಿರಿ ಕೆಂಚಣ್ಣ, ಎಂದು ನಗುತ್ತ ಕೇಳಿದೆ. ವರ್ಷವಿಡೀ ಹಾಗೇ ಕೇಳಿದೆ.

ಈಗ ಡಾಕ್ಟರು ಕೈಚಾಚಿ ಸಿಂಗಾರಿಯ ಮೂಳೆ ಬಿಚ್ಚುತ್ತಿದ್ದರು. ಬೇಡ ಎನ್ನಬೇಕು ಎಂದು ಬಾಯಿ ತೆರೆದೆ. ಬೇಡ ಅಂದರೆ ಯಾಕೆ ಅನ್ನುತ್ತಾರೆ. ಯಾಕೆ ಎಂದು ಹೇಳಿದರೆ ಮಲ್ಲನಿಗೆ ಸೂಜಿ. ಆ ಎತ್ತು ನನಗೇನು ಮಾಡಿತ್ತು? ಗುಂಡಿ ತೋಡಿದ್ದು ಅದೇ? ಆಗಲಿ ಡಾಕ್ಟರೇ, ಇವತ್ತೇ ಶುರು ಮಾಡುತ್ತೇನೆ, ಅಂದೆ. ಮನಸ್ತಾಪ ಅಂದರೆ ಜಗಳ, ಜಗಳವನ್ನಂತೂ ನಾನು ಆಡಿಲ್ಲವಲ್ಲ, ಮೂಳೆಗೆ ಒಳಗಿನದು ಹೇಗೆ ಗೊತ್ತಾಗಬೇಕು ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡೆ.

ಅಂಥ ಕೆಲಸ ನಾನು ಯಾವತ್ತೂ ಮಾಡಿರಲಿಲ್ಲ. ಗರಗಸ ಇಟ್ಟ ಕೂಡಲೇ ಬಿಳಿ ಪುಡಿ ಉದುರಿತು, ಸುಟ್ಟ ಉಗುರಿನಂಥ ವಾಸನೆ ಬಂತು. ಬೇರೆ ಮೂಳೆಗಳಲ್ಲಿ ಇದು ನನಗೆ ಗೊತ್ತೇ ಆಗುತ್ತಿರಲಿಲ್ಲ. ಮೂಳೆಯ ಎಳೆ ಉದ್ದಕ್ಕಿರುತ್ತದೆ, ಎಳೆಯ ಜೊತೆಗೇ ಕೊಯ್ಯಬೇಕು. ಕೊಯ್ದೆ, ಅರ ಹಾಕಿದೆ, ಬೈರಿಗೆಯಿಂದ ತೂತು ಕೊರೆದೆ, ಮರಳು ಕಾಗದದಲ್ಲಿ ತಿಕ್ಕಿ ನುಣುಪು ಮಾಡಿದೆ. ಪಟ್ಟಿ ಚೆನ್ನಾಗಿಯೇ ಬಂತು. ಸ್ಕ್ರೂ ಮಾಡುವಾಗ ಒಂದು ಮುರಿಯಿತು, ಇನ್ನೊಂದು ಮುರಿಯಿತು. ನಿನ್ನನ್ನು ಅವನ ಮನೆಗೇ ಕಳಿಸುತ್ತಿದ್ದೇನಲ್ಲೇ, ಎಂದು ಹೇಳಿಕೊಂಡು ಅತ್ತೆ. ಆಮೇಲೆ ಕಣ್ಣೊರೆಸಿಕೊಂಡು ಮತ್ತೆ ಮಾಡಿದೆ, ಡಾಕ್ಟರ ಸ್ಪಿರಿಟ್ ಬಾಟಲಿಯಲ್ಲಿ ಮುಳುಗಿಸಿ ಕೊಟ್ಟೆ.

ಆಪರೇಷನ್ ಸರಾಗವಾಗಿ ಆಯಿತು. ಪದ್ಧತಿಯಂತೆ ನಾನು ಎತ್ತಿನ ಹಣೆ ಮುಟ್ಟಿ, ಇದು ನಿಮ್ಮದಾಗಲಿ, ಅಂದೆ. ಹೊನ್ನಮ್ಮ ಬೆಲ್ಲ ತಿನ್ನಿಸಿದಳು. ಮೂಳೆನೆಂಟಸ್ತನದ ಊಟಕ್ಕೆ ಶಾವಿಗೆ ಪಾಯಸ ಮಾಡಿದ್ದಳು. ಕೆಂಚಪ್ಪ ನನ್ನ ಎದುರಿಗೆ ಕೂತು ಎಲೆಯಿಂದ ಕಣ್ಣೆತ್ತದೆ ಉಂಡ. ಕೈ ತೊಳೆಯುವಾಗ ಹೊನ್ನಮ್ಮ ನಗುತ್ತ, ಊರಿನ ಯಾರ ಹೆಸರೆತ್ತಿದರೂ ಇವರಿಗೆ ಬೈಯಲು ಏನಾದರೊಂದು ಸಿಗುತ್ತದೆ, ನಿಮ್ಮ ಹೆಸರೆತ್ತಿದರೆ ಮಾತ್ರ ಎದ್ದು ಹೊರಗೆ ಹೋಗುತ್ತಾರೆ, ಅಷ್ಟು ಮರ್ಯಾದೆ ಎಂದಳು.

ಮೊದಲ ಕೆಲವು ವಾರ ಕಾಲು ತಣ್ಣಗಿತ್ತು. ನಾನು ದಿನಾ ಹೋಗಿ ಒಳಗೆ ಪಟ್ಟಿ ಇರುವ ಕಡೆ ಅಂಗೈ ಇಟ್ಟು ನೋಡುತ್ತಿದ್ದೆ. ದೀಪಾವಳಿ ಕಳೆದ ಮೇಲೆ ಒಂದು ಬೆಳಿಗ್ಗೆ ಅಂಗೈಗೆ ಸಣ್ಣ ಬಿಸಿ ತಾಗಿತು. ಬಿಸಿಲು ಬಿದ್ದಿರಬೇಕು ಅಂದುಕೊಂಡೆ. ಎತ್ತು ನಿಂತಿದ್ದದ್ದು ನೆರಳಲ್ಲಿ. ಮಾರನೆಯ ದಿನ ಇನ್ನಷ್ಟು ಬಿಸಿ. ಅದರಾಚೆಯ ದಿನ ಮಲ್ಲ ಕಾಲನ್ನು ನೆಲಕ್ಕೆ ತಾಗಿಸಲೇ ಇಲ್ಲ. ಡಾಕ್ಟರು ಬಂದು ನೋಡಿ ನೇರವಾಗಿ ಕೆಂಚಪ್ಪನನ್ನೇ ಹಿಡಿದುಕೊಂಡರು. ಮಾದೇವಮ್ಮನ ವಿಷಯದಲ್ಲಿ ಏನಾದರೂ ಬಾಯಿ ಬಿಟ್ಟೆಯಾ, ಬೆನ್ನ ಹಿಂದೆ ಏನಾದರೂ ಅಂದೆಯಾ ಎಂದು ಗದರಿದರು. ಜಗಳಗಂಟ ಅವನು, ಸಂಶಯ ಅವನ ಮೇಲೆ ಬೀಳದೆ ಇನ್ಯಾರ ಮೇಲೆ ಬೀಳಬೇಕು. ಕೆಂಚಪ್ಪ ಎಂದಿನಂತೆ ತಿರುಗಿ ಬೀಳಲಿಲ್ಲ. ಇಲ್ಲ ಸಾರ್ ಎಂದು ತಲೆ ತಗ್ಗಿಸಿದ. ನಾನು ಪಕ್ಕದಲ್ಲೇ ನಿಂತು, ಛೆ, ಕೆಂಚಣ್ಣ ಅಂಥವರಲ್ಲ ಡಾಕ್ಟರೇ, ಎಂದೆ. ಹೇಳುತ್ತಿರುವಾಗಲೇ ನನ್ನ ಮುಖ ಉರಿಯಿತು.

ಆಮೇಲೆ ನಾನು ಅವನನ್ನು ಮೆಚ್ಚಿಕೊಳ್ಳಲು ಹೊರಟೆ. ಅಂಥ ಕಷ್ಟದ ಕೆಲಸ ಲೋಕದಲ್ಲಿ ಇನ್ನೊಂದಿಲ್ಲ. ಅವನು ಎತ್ತಿಗೆ ಹಿಂಡಿ ನೆನೆಸುವಾಗ ಕೈಯಿಂದ ಗಂಟು ಒಡೆಯುವುದನ್ನು ನೋಡಿ, ಎಷ್ಟು ಪ್ರೀತಿ ಇವನಿಗೆ ಎಂದು ಮನಸ್ಸಿಗೆ ಹೇಳಿಕೊಡುತ್ತಿದ್ದೆ. ಮನಸ್ಸು, ನನ್ನ ಸಿಂಗಾರಿಗೂ ನಾನು ಹಾಗೇ ಒಡೆಯುತ್ತಿದ್ದೆ ಅನ್ನುತ್ತಿತ್ತು. ಮನೆಯಲ್ಲಿ ರೊಟ್ಟಿ ತಟ್ಟಿ ಕಳಿಸಿದೆ, ಉಪ್ಪಿನಕಾಯಿ ಕಳಿಸಿದೆ. ದೇವರಿಗೆ ಕೈಮುಗಿಯುವಾಗ ಅವನಿಗೆ ಒಳ್ಳೆಯದಾಗಲಿ ಎಂದು ಕೇಳಿಕೊಳ್ಳುತ್ತಿದ್ದೆ, ಹಲ್ಲು ಕಚ್ಚಿಕೊಂಡು. ಹೊನ್ನಮ್ಮ ಪ್ರತಿಯಾಗಿ ಕೋಡುಬಳೆ ಕಳಿಸಿದಳು. ಡಬ್ಬಿಗಳು ಬೀದಿಯಲ್ಲಿ ಓಡಾಡಿದಷ್ಟೂ ಕಾಲು ಬಿಸಿಯಾಗುತ್ತಿತ್ತು. ನಾನು ನಕ್ಕಷ್ಟೂ ಎತ್ತು ಸೊರಗುತ್ತಿತ್ತು. ರೊಟ್ಟಿ ಕಳಿಸಿದ ದಿನವೇ ಬಿಸಿ ಜಾಸ್ತಿ ಅನ್ನುವುದು ನನ್ನ ಕಣ್ಣಿಗೆ ಬಿದ್ದರೂ ನಾನು ಕಂಡೂ ಕಾಣದ ಹಾಗೆ ಇದ್ದೆ.

ಊರಿಗೆ ದಿಗಿಲು ಹತ್ತಿತು. ಒಂದು ಜಗಳವಿಲ್ಲ, ಒಂದು ಮಾತಿಲ್ಲ, ಆದರೂ ಪಟ್ಟಿ ಬಿಡುತ್ತಿದೆ ಅಂದರೆ ಮೂಳೆಗಳಿಗೇ ಏನೋ ಆಗಿದೆ ಎಂದು ಜನ ಮಾತಾಡಿಕೊಂಡರು. ಪುಟ್ಟರಾಜು ನಾಯಿಯನ್ನು ನಡೆಯಲು ಬಿಡದೆ ಕಂಕುಳಲ್ಲಿಟ್ಟುಕೊಂಡು ಬ್ರೆಡ್ ಮಾರತೊಡಗಿದ. ಅಗಸರ ಮನೆಯವರು ಕತ್ತೆಯ ಮೇಲಿನ ಹೊರೆ ಇಳಿಸಿ ತಾವೇ ಹೊತ್ತರು. ಎಲ್ಲರೂ ನನ್ನ ಬಳಿ ಬಂದು, ನಮ್ಮದು ನಿಲ್ಲುತ್ತದಲ್ಲ ಮಾದೇವಕ್ಕ, ಎಂದು ಕೇಳುತ್ತಿದ್ದರು. ನಿಲ್ಲುತ್ತದೆ ಅನ್ನುತ್ತಿದ್ದೆ. ರಾತ್ರಿ ಕಣ್ಣು ಮುಚ್ಚಿದರೆ ಊರಿನ ಕಾಲುಗಳೆಲ್ಲ ಒಟ್ಟಿಗೆ ಮುರಿಯುವ ಸದ್ದು ಕೇಳಿಸುತ್ತಿತ್ತು.

ಸಂತೆಯ ಹಿಂದಿನ ದಿನ ಡಾಕ್ಟರು ಕಾಲನ್ನು ಮೆಲ್ಲಗೆ ಅಲುಗಾಡಿಸಿದಾಗ ಒಳಗೆ ಸ್ಕ್ರೂ ಟಕ್ಕೆಂದದ್ದು ನನಗೂ ಕೇಳಿಸಿತು. ಅವರು ಎದ್ದು ಕೈ ಒರೆಸಿಕೊಂಡರು. ನಾಳೆ ಮಧ್ಯಾಹ್ನದವರೆಗೆ ನೋಡುತ್ತೇನೆ, ಆಮೇಲೆ ಸೂಜಿ, ಇನ್ನು ಇದನ್ನು ನರಳಿಸಲಾರೆ ಎಂದರು. ಹೊನ್ನಮ್ಮ ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು. ಡಾಕ್ಟರು ಬೀದಿಯವರೆಗೆ ನನ್ನ ಜೊತೆ ಬಂದು ಮೆತ್ತಗೆ ಕೇಳಿದರು, "ಮಾದೇವಮ್ಮ, ನಿಮ್ಮ ಕಡೆಯಿಂದ ಏನಾದ್ರೂ ಇದೆಯಾ?" ನಾನು ಇಲ್ಲ ಎಂದೆ. ನಾಳೆ ಮಧ್ಯಾಹ್ನ ಎಂದು ಅವರು ಇನ್ನೊಮ್ಮೆ ನೆನಪಿಸಿ ಹೊರಟುಹೋದರು.

ಅವತ್ತು ನನಗೆ ಎರಡು ಭಯ. ಬಾಯಿ ಬಿಟ್ಟರೆ ಊರಿನ ಪ್ರಾಣಿಗಳು ಬೀಳುತ್ತವೆ, ಬಿಡದಿದ್ದರೆ ಮಲ್ಲ ಸಾಯುತ್ತದೆ. ಮಲ್ಲ ಸತ್ತರೆ ಸಿಂಗಾರಿಯ ಮೂಳೆಯೂ ಅದರ ಜೊತೆಗೇ ಮಣ್ಣಿಗೆ ಹೋಗುತ್ತದೆ, ಕೊಂದದ್ದು ಅವಳೇ ಎಂಬ ಹೆಸರು ಹೊತ್ತುಕೊಂಡು. ಅದನ್ನು ಮಾತ್ರ ನನ್ನಿಂದ ತಡೆದುಕೊಳ್ಳಲಾಗಲಿಲ್ಲ. ನನ್ನ ವಿಷ, ಅವಳ ತಲೆಗೆ ಯಾಕೆ? ಬೆಳಿಗ್ಗೆ ಎದ್ದು ಮುಖ ತೊಳೆದು, ಕಾಫಿಯನ್ನೂ ಕುಡಿಯದೆ ಗಾಣದ ಮನೆಗೆ ಹೋದೆ. ಕೆಂಚಪ್ಪ ಎತ್ತಿನ ಮುಂದೆ ಕುಕ್ಕರುಗಾಲಲ್ಲಿ ಕೂತು ಹಿಂಡಿ ಮುರಿಯುತ್ತಿದ್ದ. ತಿನ್ನುವುದಿಲ್ಲ ಎಂದು ಗೊತ್ತಿದ್ದೂ ಮುರಿಯುತ್ತಿದ್ದ. ಅಷ್ಟು ವರ್ಷ ಅವನಿಗೆ ಬಹುವಚನ ಹಚ್ಚಿದವಳು ನಾನು. ಅವತ್ತು ಅದು ಬಾಯಿಗೆ ಬರಲಿಲ್ಲ.

"ಕೆಂಚಪ್ಪ, ನಮ್ಮ ಸಿಂಗಾರಿ ಬಿದ್ದಿದ್ದು ನಿನ್ನ ಗುಂಡಿಗೆ."

ಅವನ ಕೈ ನಿಂತಿತು. ತಲೆ ಎತ್ತಲಿಲ್ಲ.

"ಗೊತ್ತು," ಅಂದ.

ನಾನು ಏನೇನೋ ಸಿದ್ಧ ಮಾಡಿಕೊಂಡು ಹೋಗಿದ್ದೆ. ಅವನು ಇಲ್ಲ ಅನ್ನುತ್ತಾನೆ, ಗುರುತು ಎಲ್ಲಿದೆ ತೋರಿಸು ಅನ್ನುತ್ತಾನೆ, ನಾನು ಹೀಗೆ ಹೇಳಬೇಕು ಎಂದೆಲ್ಲ. ಗೊತ್ತು ಅನ್ನುತ್ತಾನೆ ಎಂದು ಅಂದುಕೊಂಡಿರಲಿಲ್ಲ. ಯಾವಾಗಿನಿಂದ ಎಂದು ಕೇಳಿದೆ. ಅವತ್ತಿನಿಂದಲೇ ಅಂದ. ಸಂಜೆ ಹಿತ್ತಲಿಗೆ ಹೋದಾಗ ಗರಿ ಮುರಿದದ್ದು ಕಂಡಿತಂತೆ, ಗೊರಸು ನಮ್ಮ ಮನೆಯ ಕಡೆ ಹೋದದ್ದು ಕಂಡಿತಂತೆ, ಅಷ್ಟರಲ್ಲಿ ಸಿಂಗಾರಿ ಸತ್ತ ಸುದ್ದಿಯೂ ಬಂತಂತೆ. ಬೆಳಗಾಗುವುದರೊಳಗೆ ತಾನೇ ಒಬ್ಬನೇ ಗುಂಡಿ ಮುಚ್ಚಿದನಂತೆ.

"ಹೇಳೋಣ ಅಂತ ನಿಮ್ಮ ಮನೆ ಬಾಗ್ಲಿಗೆ ಬಂದಿದ್ದೆ. ನೀನು ನಗ್ತಾ ಬಂದು, ಬನ್ನಿ ಕೆಂಚಣ್ಣ, ಕೂತ್ಕೊಳಿ ಅಂದೆ. ನನ್ನ ಬಾಯಿ ಕಟ್ಟೋಯ್ತು," ಅಂದ. "ಊರಿಗೆಲ್ಲ ಬೈಯೋ ಬಾಯಿ ಇದು. ನಿನ್ ಮುಂದೆ ಬಂದ್ರೆ ಮಾತ್ರ ಮಾತೇ ಹೊರಡ್ತಿರಲಿಲ್ಲ."

ಅಲ್ಲಿಗೆ ನನ್ನ ಕಟ್ಟೆ ಒಡೆಯಿತು. ಗೊತ್ತಿರದಿದ್ದರೆ ಹೇಗೋ ಏನೋ, ಗೊತ್ತಿದ್ದೂ ವರ್ಷವಿಡೀ ನನ್ನಿಂದ ಕೆಂಚಣ್ಣ ಅನ್ನಿಸಿಕೊಂಡನಲ್ಲ. ನನ್ನ ಗಂಟಲಿನಿಂದ ಅಂಥ ದನಿ ಹೊರಡುತ್ತದೆ ಎಂದು ನನಗೇ ತಿಳಿದಿರಲಿಲ್ಲ. ಹೇಡಿ ಅಂದೆ, ಕೊಲೆಗಡುಕ ಅಂದೆ, ಅವನ ಗಾಣ ಅವನ ಎಣ್ಣೆ ಅವನ ವಂಶ ಯಾವುದನ್ನೂ ಬಿಡಲಿಲ್ಲ. ಸಿಂಗಾರಿಯ ಕಿವಿಗೆ ಹಾಕುತ್ತಿದ್ದ ಬೈಗುಳಗಳೆಲ್ಲ ಹೊಸದಾಗಿಯೇ ಇದ್ದವು. ಬೀದಿಯಲ್ಲಿ ಕಿಟಕಿಗಳು ತೆರೆದುಕೊಂಡವು. ಮೂಳೆ ಮಾದೇವಿ ಜಗಳವಾಡುತ್ತಿದ್ದಾಳೆ ಎಂದು ಯಾರೋ ಓಡಿದರು.

ಕೆಂಚಪ್ಪ ಎದ್ದು ನಿಂತ. ಈಗ ಅವನ ಬಾಯಿಯೂ ತೆರೆಯಿತು.

"ನೀನೇನು ದೊಡ್ಡ ದೇವತೆನಾ? ನಿಂಗೂ ಗೊತ್ತಿತ್ತಲ್ಲ. ನನ್ ಮನೇಲಿ ಕೂತು ಪಾಯಸ ಉಂಡೆ. ಹೊಟ್ಟೇಲಿ ಬೆಂಕಿ ಇಟ್ಕೊಂಡು ನನ್ನ ಎತ್ತಿನ ಕಾಲಿಗೆ ನಿನ್ ಮೂಳೆ ಹಾಕ್ದೆ. ನಿಲ್ಲಲ್ಲ ಅಂತ ನಿಂಗೆ ಗೊತ್ತಿರಲಿಲ್ವಾ? ನಾನು ಗರಿ ಹಾಕಿ ಮುಚ್ದೆ, ನೀನು ನಗು ಹಾಕಿ ಮುಚ್ದೆ. ಏನು ವ್ಯತ್ಯಾಸ ಹೇಳು."

"ಹಾಕ್ದೆ ಇದ್ದಿದ್ರೆ ಅವತ್ತೇ ಸೂಜಿ ಚುಚ್ತಿದ್ರು."

"ಚುಚ್ಚಿದ್ರೆ ಅವತ್ತೇ ಹೋಗ್ತಿತ್ತು. ಇಷ್ಟು ದಿನ ನರಳ್ತಿರಲಿಲ್ಲ."

ನಾನು ಇನ್ನೂ ಜೋರಾಗಿ ಕೂಗಿದೆ. ಅವನೂ ಕೂಗಿದ. ಅಷ್ಟರಲ್ಲಿ ಗಾಣದ ಮುಂದೆ ಜನ ಸೇರಿದ್ದರು. ವಿಚಿತ್ರವೆಂದರೆ ಯಾರೂ ನಮ್ಮನ್ನು ನೋಡುತ್ತಿರಲಿಲ್ಲ. ಪುಟ್ಟರಾಜು ನಾಯಿಯನ್ನು ನೆಲಕ್ಕಿಳಿಸಿ ಅದರ ಹಿಂಗಾಲನ್ನೇ ದಿಟ್ಟಿಸುತ್ತಿದ್ದ. ಅಗಸರ ಹೆಂಗಸು ಕತ್ತೆಯ ಮಂಡಿಗೆ ಎರಡೂ ಕೈ ಆಸರೆ ಕೊಟ್ಟು ಕೂತಿದ್ದಳು. ಒಬ್ಬಾಕೆ ಆಡನ್ನು ಸೆರಗಿನಲ್ಲಿ ಸುತ್ತಿಕೊಂಡು ಬಂದಿದ್ದಳು. ಊರಿನ ಕೂಡದ ಕಾಲುಗಳೆಲ್ಲ ಅಲ್ಲಿ ನಿಂತಿದ್ದವು. ನಾನು ಒಂದೊಂದು ಬೈಗುಳ ಬೈದಾಗಲೂ ಆ ಜನ ಒಟ್ಟಿಗೆ ಉಸಿರು ಹಿಡಿದು ಕೆಳಗೆ ನೋಡುತ್ತಿದ್ದರು. ನಿಲ್ಲಿಸಬೇಕು ಅನ್ನಿಸುತ್ತಿತ್ತು, ನಿಲ್ಲಿಸಲು ಆಗುತ್ತಿರಲಿಲ್ಲ. ನಾಯಿ ಬೀಳಲಿಲ್ಲ. ಕತ್ತೆಯೂ ಬೀಳಲಿಲ್ಲ.

ಯಾರೋ ಹೋಗಿ ಡಾಕ್ಟರನ್ನು ಕರೆತಂದಿದ್ದರು. ಕೈಯಲ್ಲಿ ಸೂಜಿಯ ಡಬ್ಬಿ ಇತ್ತು. ನಮ್ಮಿಬ್ಬರ ನ್ಯಾಯವನ್ನು ಕಿವಿಗೇ ಹಾಕಿಕೊಳ್ಳದೆ ಅವರು ಜನರನ್ನು ಸರಿಸಿ ನೇರ ಮಲ್ಲನ ಬಳಿ ಹೋಗಿ ಕುಳಿತು ಪಟ್ಟಿಯ ಮೇಲೆ ಅಂಗೈ ಇಟ್ಟರು. ಕೆಂಚಪ್ಪ ಬಾಯಿ ಮುಚ್ಚಿದ. ನಾನೂ ಮುಚ್ಚಿದೆ. ಬಾಗಿಲಲ್ಲಿ ಹೊನ್ನಮ್ಮ ಸೆರಗನ್ನು ಬಾಯಿಗೆ ಒತ್ತಿಕೊಂಡು ನಿಂತಿದ್ದಳು. ಡಾಕ್ಟರು ಕಣ್ಣು ಮುಚ್ಚಿ ಕೂತರು. ಅಂಗೈ ತೆಗೆದು, ಹೊರಗೈ ಇಟ್ಟರು. ಮತ್ತೆ ಅಂಗೈ ಇಟ್ಟರು. ಅವರ ಹುಬ್ಬು ಗಂಟಿಕ್ಕಿತು.

"ಯಾಕೆ ನಿಲ್ಲಿಸಿದ್ರಿ?" ಅಂದರು, ತಿರುಗಿ ನೋಡದೆ. "ತಣ್ಣಗಾಗ್ತಾ ಇತ್ತು. ನಿಲ್ಲಿಸ್ಬೇಡಿ."

ನಾನು ಕೆಂಚಪ್ಪನನ್ನು ನೋಡಿದೆ. ಅವನು ನನ್ನನ್ನು ನೋಡಿದ. ನನ್ನಲ್ಲಿ ಬೈಗುಳ ಒಂದೂ ಉಳಿದಿರಲಿಲ್ಲ, ಕಣ್ಣಲ್ಲಿ ಮಾತ್ರ ನೀರು ಬರುತ್ತಿತ್ತು. ಅವನು ಹೆಗಲ ಟವಲು ತೆಗೆದು ಗಾಣದ ಕಟ್ಟೆಯ ಮೇಲೆ ಹಾಸಿದ. ಕೂತ್ಕೊಂಡು ಹೇಳು ಎಂದು ನನಗೆ ತೋರಿಸಿ, ತಾನು ಎದುರಿಗೆ ಬರಿಯ ನೆಲದ ಮೇಲೆ ಕೂತ. ನಾನು ಕೂತೆ. ಆ ಮಧ್ಯಾಹ್ನ ಸಿಂಗಾರಿ ಹೇಗೆ ಬಂದಳು, ಎಲ್ಲೆಲ್ಲಿ ನಿಂತು ನಿಂತು ಬಂದಳು, ಅಂಗಳಕ್ಕೆ ಬಂದವಳು ಬೀಳುವ ಮೊದಲು ನನ್ನ ಕೈಯನ್ನು ಒಂದು ಸಲ ನೆಕ್ಕಿದ್ದು, ಎಲ್ಲವನ್ನೂ ಅವನಿಗೆ ಮೊದಲಿನಿಂದ ಹೇಳತೊಡಗಿದೆ.